ಲೋಕಕ್ಕೆ ಸೂರು ಕೊಟ್ಟವರ ಸೂರಿಲ್ಲದ ಮನೆಗಳು: ಡಿನೋರ್ವಿಕ್ ಸ್ಲೇಟು ಗಣಿಯ ಕಥೆ

ವೇಲ್ಸ್ ದೇಶದ ವಾಯವ್ಯ ಭಾಗದಲ್ಲಿ ಲ್ಯಾನ್‌ಬೆರಿಸ್ ಎಂಬ ಪುಟ್ಟ ಊರಿದೆ. ಅಲ್ಲಿನ ಸರೋವರದ ದಂಡೆಯಲ್ಲಿ ನಿಂತು ಎದುರಿಗಿರುವ ಎಲಿಡಿರ್ ಬೆಟ್ಟವನ್ನು ನೋಡಿದವರಿಗೆ ಅದು ಬೆಟ್ಟವೋ ಅಥವಾ ಯಾವುದೋ ಅಳಿದ ಸಾಮ್ರಾಜ್ಯ ಕಟ್ಟಿಸಿ ಬಿಟ್ಟುಹೋದ ದೈತ್ಯ ಸೋಪಾನವೋ ಎಂಬ ಭ್ರಮೆ ಮೂಡುವುದು ಸಹಜ. ಇಪ್ಪತ್ತಕ್ಕೂ ಹೆಚ್ಚು ಹಂತಗಳಲ್ಲಿ, ಒಂದೊಂದೂ ಹಲವು ಆಳೆತ್ತರದ ಮೆಟ್ಟಿಲುಗಳಾಗಿ ಬೆಟ್ಟವನ್ನು ಕಡಿಯಲಾಗಿದೆ. ಮೆಟ್ಟಿಲುಗಳ ನಡುವೆ ಬೂದು-ನೇರಳೆ ಬಣ್ಣದ ಕಲ್ಲುಚೂರುಗಳ ರಾಶಿ ನೀರಿನ ಅಂಚಿನವರೆಗೂ ಹರಡಿಕೊಂಡಿದೆ. ಇದೇ ಡಿನೋರ್ವಿಕ್ ಸ್ಲೇಟು ಗಣಿ. ಸುಮಾರು 180 ವರ್ಷ ಕಾಲ ಉಳಿ-ಸುತ್ತಿಗೆಗಳ ಸದ್ದಿನಿಂದ ತುಂಬಿದ್ದ ಈ ಬೆಟ್ಟ 1969ರ ಆಗಸ್ಟ್ ತಿಂಗಳಿನಲ್ಲಿ ಮೌನವಾಯಿತು.

2021ರ ಜುಲೈ 28ರಂದು ಯುನೆಸ್ಕೊ ಸಂಸ್ಥೆಯು 'ವಾಯವ್ಯ ವೇಲ್ಸಿನ ಸ್ಲೇಟು ಭೂದೃಶ್ಯ'ವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಭೂದೃಶ್ಯದ ಆರು ಭಾಗಗಳಲ್ಲಿ ಡಿನೋರ್ವಿಕ್ ಕೂಡ ಒಂದು. ಅದೇ ಅಧಿವೇಶನದಲ್ಲಿ, ಕೆಲವೇ ದಿನಗಳ ಮುಂಚೆ, ತೆಲಂಗಾಣದ ರಾಮಪ್ಪ ದೇವಾಲಯಕ್ಕೂ ಗುಜರಾತಿನ ಧೋಲಾವೀರಕ್ಕೂ ಈ ಮನ್ನಣೆ ದೊರೆತದ್ದು ಓದುಗರಿಗೆ ನೆನಪಿರಬಹುದು. ದೇವಾಲಯವನ್ನು, ಪ್ರಾಚೀನ ನಗರವನ್ನು ಪರಂಪರೆ ಎಂದು ಒಪ್ಪುವುದಕ್ಕೆ ಯಾರಿಗೂ ಅಡ್ಡಿಯಿಲ್ಲ. ಆದರೆ ಒಂದು ಕಲ್ಲುಗಣಿಯನ್ನು, ಅದರ ತ್ಯಾಜ್ಯದ ರಾಶಿಯನ್ನು ಪರಂಪರೆ ಎಂದು ಕರೆದಾಗ, ಆ ಕಲ್ಲಿನ ಬೆಲೆಯನ್ನು ತೆತ್ತವರು ಯಾರು ಎಂಬ ಲೆಕ್ಕವನ್ನೂ ತೆರೆಯಬೇಕಾಗುತ್ತದೆ. ಡಿನೋರ್ವಿಕ್‌ನ ಒಂದೊಂದು ಅವಶೇಷವೂ ಆ ಲೆಕ್ಕಪುಸ್ತಕದ ಒಂದೊಂದು ಹಾಳೆಯೆಂದರೆ ಅತಿಶಯೋಕ್ತಿಯಲ್ಲ.

ಕೆಸರು ಕಲ್ಲಾದ ಬಗೆ

ಉತ್ತರ ಕರ್ನಾಟಕದವರು 'ಪಾಟಿ' ಎಂದೂ ಮೈಸೂರು ಸೀಮೆಯವರು 'ಸ್ಲೇಟು' ಎಂದೂ ಕರೆದು, ಬಳಪ ಹಿಡಿದು ಅಕ್ಷರ ತಿದ್ದಿದ ಕಪ್ಪು ಹಲಗೆಯ ಮೂಲದ್ರವ್ಯವೇ ಈ ಕಲ್ಲು. ನಮ್ಮ ಶಾಲೆಗಳಿಗೆ ಬಹುಕಾಲ ಇದನ್ನು ಒದಗಿಸಿದ ಊರುಗಳಲ್ಲಿ ಆಂಧ್ರದ ಮಾರ್ಕಾಪುರ ಹೆಸರಾದದ್ದು. ವೇಲ್ಸಿನ ಸ್ಲೇಟು ಅದಕ್ಕಿಂತ ಹೆಚ್ಚಾಗಿ ಮನೆಗಳ ಮೇಲ್ಛಾವಣಿಗೆ ಬಳಕೆಯಾಯಿತು. ನಮ್ಮ ಕರಾವಳಿಗೆ ಮಂಗಳೂರು ಹೆಂಚು ಹೇಗೋ ಬ್ರಿಟನ್ನಿನ ಕೈಗಾರಿಕಾ ನಗರಗಳಿಗೆ ವೇಲ್ಸಿನ ಸ್ಲೇಟು ಹಾಗೆ.

ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ತಳದಲ್ಲಿ ಪದರಪದರವಾಗಿ ಶೇಖರಗೊಂಡ ನುಣುಪಾದ ಕೆಸರು ಈ ಕಲ್ಲಿನ ಮೊದಲ ರೂಪ. ಮುಂದೆ ಭೂಖಂಡಗಳು ಪರಸ್ಪರ ಒತ್ತರಿಸಿದಾಗ ಉಂಟಾದ ಅಪಾರ ಒತ್ತಡ ಮತ್ತು ಶಾಖದಲ್ಲಿ ಅದರೊಳಗಿನ ಖನಿಜದ ಸೂಕ್ಷ್ಮ ಹಾಳೆಗಳೆಲ್ಲ ಒಂದೇ ದಿಕ್ಕಿಗೆ ಹೊರಳಿ ನಿಂತವು. ಹೀಗಾಗಿ ಸ್ಲೇಟು ಸೀಳುವುದು ಕೆಸರು ಶೇಖರಗೊಂಡ ಮೂಲ ಪದರದ ಗುಂಟ ಅಲ್ಲ, ಒತ್ತಡ ಮೂಡಿಸಿದ ಈ ಹೊಸ ಗೆರೆಯ ಗುಂಟ. ಅನುಭವಿ ಕೆಲಸಗಾರನೊಬ್ಬ ಅಗಲವಾದ ತೆಳು ಉಳಿಯನ್ನು ಸರಿಯಾದ ಗೆರೆಯ ಮೇಲಿಟ್ಟು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದರೆ ಕಲ್ಲು ಪುಸ್ತಕದ ಹಾಳೆಯಂತೆ ಬಿಚ್ಚಿಕೊಳ್ಳುತ್ತದೆ. ಗೆರೆ ತಪ್ಪಿದರೆ ಚೂರಾಗುತ್ತದೆ. ಚೂರಾದದ್ದೇ ಹೆಚ್ಚು. ಮಾರಾಟಕ್ಕೆ ಯೋಗ್ಯವಾದ ಒಂದು ಟನ್ ಸ್ಲೇಟಿಗೆ ಹತ್ತು ಟನ್ ಅಥವಾ ಅದಕ್ಕೂ ಹೆಚ್ಚು ತ್ಯಾಜ್ಯ ಬೀಳುತ್ತಿತ್ತು. ಇಂದು ಅಲ್ಲಿ ಕಾಣುವ ಗುಡ್ಡಗಳಲ್ಲಿ ಬಹುಪಾಲು ಆ ತ್ಯಾಜ್ಯವೇ.

ಇಲ್ಲಿ ವಾಣಿಜ್ಯ ಗಣಿಗಾರಿಕೆ ಆರಂಭವಾದದ್ದು 1787ರಲ್ಲಿ, ಅಸೆಟನ್ ಸ್ಮಿತ್ ಎಂಬ ಭೂಮಾಲೀಕ ಕುಟುಂಬದಿಂದ ನೆಲವನ್ನು ಗುತ್ತಿಗೆ ಪಡೆದ ಪಾಲುದಾರರಿಂದ. ಫ್ರಾನ್ಸ್ ಜೊತೆಗಿನ ಯುದ್ಧ, ತೆರಿಗೆ, ಬೆಟ್ಟದಿಂದ ಬಂದರಿಗೆ ಕಲ್ಲು ಸಾಗಿಸುವ ಕಷ್ಟ ಇವೆಲ್ಲ ಸೇರಿ ಮೊದಲ ಎರಡು ದಶಕ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. 1809ರಲ್ಲಿ ಭೂಮಾಲೀಕನೇ ನೇತೃತ್ವ ವಹಿಸಿದ. 1824ರಲ್ಲಿ ಕುದುರೆಗಳು ಎಳೆಯುವ ಬಂಡಿಹಳಿ ಸಮುದ್ರದವರೆಗೆ ತಲುಪಿತು. 1831ರಲ್ಲಿ ಸ್ಲೇಟಿನ ಮೇಲಿನ ಸುಂಕ ರದ್ದಾಯಿತು. ಹದಿನೆಂಟುನೂರ ನಲವತ್ತರ ದಶಕದಲ್ಲಿ ಉಗಿಬಂಡಿ ಬಂತು. ಗಣಿಯ ಹೆಸರನ್ನೇ ಹೊತ್ತ ಬಂದರು ಬೆಳೆಯಿತು. ಮ್ಯಾಂಚೆಸ್ಟರ್, ಲಿವರ್‌ಪೂಲ್, ಲಂಡನ್ ನಗರಗಳ ಸಾಲುಮನೆಗಳು ಸ್ಲೇಟು ಬೇಡುತ್ತಿದ್ದವು. 1842ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರ ಬೆಂಕಿಗೆ ಆಹುತಿಯಾದ ನಂತರ ಅದರ ಮರುನಿರ್ಮಾಣಕ್ಕೂ ವೇಲ್ಸಿನ ಸ್ಲೇಟೇ ಹೋಯಿತು. ಶತಮಾನದ ಕೊನೆಯ ಹೊತ್ತಿಗೆ ಡಿನೋರ್ವಿಕ್ ಒಂದರಲ್ಲೇ 3000ಕ್ಕೂ ಹೆಚ್ಚು ಜನ ದುಡಿಯುತ್ತಿದ್ದು ವರ್ಷಕ್ಕೆ ಸುಮಾರು ಒಂದು ಲಕ್ಷ ಟನ್ ಸ್ಲೇಟು ಹೊರಬರುತ್ತಿತ್ತು. ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಸ್ಲೇಟು ಗಣಿ ಇದ್ದದ್ದು ಒಂದೇ: ಬೆಟ್ಟದ ಆಚೆಬದಿಯ ಬೆಥೆಸ್ಡಾ ಊರಿನ ಪೆನ್ರಿನ್.

'ಚೌಕಾಸಿ' ಎಂಬ ವ್ಯವಸ್ಥೆ

ಇಷ್ಟು ಜನರನ್ನು ದುಡಿಸಿಕೊಂಡ ಕ್ರಮ ವಿಚಿತ್ರವಾದದ್ದು. ವೆಲ್ಷ್ ಭಾಷೆಯಲ್ಲಿ ಅದಕ್ಕೆ 'ಬಾರ್ಗೆನ್' ಎಂದು ಹೆಸರು, ಚೌಕಾಸಿ ಎನ್ನಬಹುದು. ಮೂರು-ನಾಲ್ಕು ಜನರ ಒಂದು ತಂಡಕ್ಕೆ ಬಂಡೆಯ ಮುಖದಲ್ಲಿ ಕೆಲವೇ ಗಜಗಳ ಅಗಲದ ಒಂದು ಪಟ್ಟಿಯನ್ನು ತಿಂಗಳ ಲೆಕ್ಕದಲ್ಲಿ ಕೊಡಲಾಗುತ್ತಿತ್ತು. ತಿಂಗಳ ಆರಂಭದಲ್ಲಿ ಆಡಳಿತದ ಮೇಸ್ತ್ರಿ ಬಂದು ಕಲ್ಲನ್ನು ನೋಡಿ ದರ ಹೇಳುತ್ತಿದ್ದ. ಕಲ್ಲು ಒಳ್ಳೆಯದಿದ್ದರೆ ದರ ಕಡಿಮೆ, ಕೆಟ್ಟದ್ದಿದ್ದರೆ ತುಸು ಹೆಚ್ಚು. ತಂಡದವರು ವಾದಿಸಬಹುದಿತ್ತು, ಕೊನೆಯ ಮಾತು ಮಾತ್ರ ಮೇಸ್ತ್ರಿಯದು. ಮೇಸ್ತ್ರಿಯ ಕೃಪೆಗೆ ಪಾತ್ರರಾದವರಿಗೆ ಯಾವ ಬಂಡೆ, ಆಗದವರಿಗೆ ಯಾವ ಬಂಡೆ ಸಿಗುತ್ತಿತ್ತೆಂಬುದನ್ನು ನಮ್ಮಲ್ಲಿ ಗುತ್ತಿಗೆ ಕೆಲಸ ಕಂಡವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ತಂಡದಲ್ಲಿ ಇಬ್ಬರು ಬಂಡೆಯ ಮೇಲೆ, ಉಳಿದವರು ಗುಡಿಸಲಿನಂಥ ಕೊಟ್ಟಿಗೆಗಳಲ್ಲಿ. ಬಂಡೆಯವನು ಮೇಲಿನ ಅಂಚಿಗೆ ಬಿಗಿದ ಹಗ್ಗವನ್ನು ತೊಡೆಗೆ ಸುತ್ತಿಕೊಂಡು, ಗಾಳಿಮಳೆಯೆನ್ನದೆ ಪಾತಾಳದ ಮೇಲೆ ತೂಗುತ್ತ ಸಿಡಿಮದ್ದಿಗೆ ರಂಧ್ರ ಕೊರೆಯಬೇಕು. ಕೊಟ್ಟಿಗೆಯವನು ಬಂದ ಬಂಡೆಯನ್ನು ಸೀಳಿ, ಅಂಚು ಕತ್ತರಿಸಿ ಅಳತೆಗೆ ತರಬೇಕು. ಹಗ್ಗ, ಮದ್ದು ಮೊದಲಾದವುಗಳ ಖರ್ಚು ಕೆಲಸಗಾರರ ಪಾಲಿಗೇ ಬೀಳುತ್ತಿತ್ತು. ಕೆಲಸ ಕಲಿಯಲು ಬಂದ ಹುಡುಗರಿಗೆ ನಿಗದಿಯಾದ ಬಂಡೆಯೂ ಇಲ್ಲ, ಕೂಲಿಯೂ ಇಲ್ಲ. ಅವರು ತಂಡದಿಂದ ತಂಡಕ್ಕೆ ಅಲೆದು, ಕೈನೆರವು ಕೊಟ್ಟು, ಹಿರಿಯರು ಕೊಟ್ಟ ಒಂದೆರಡು ತುಂಡು ಕಲ್ಲನ್ನು ತಾವೇ ಸೀಳಿ ಕಾಸು ಮಾಡಿಕೊಳ್ಳಬೇಕಿತ್ತು.

ಎಣಿಕೆಯಲ್ಲೂ ಒಂದು ಸೋಜಿಗವಿದೆ. ಸ್ಲೇಟಿನ ವ್ಯಾಪಾರದಲ್ಲಿ 'ಸಾವಿರ' ಎಂದರೆ 1200. ಅದರ ಮೇಲೆ ಒಡೆತಕ್ಕೆಂದು ಇನ್ನೂ 60. ಅಳತೆಗಳ ಹೆಸರು ಇನ್ನೂ ಸೊಗಸು. 24 ಅಂಗುಲ ಉದ್ದ 12 ಅಂಗುಲ ಅಗಲದ್ದು 'ಡಚೆಸ್', 20ಕ್ಕೆ 10ರದ್ದು 'ಕೌಂಟೆಸ್', 16ಕ್ಕೆ 8ರದ್ದು 'ಲೇಡಿ'. ಇಂಗ್ಲಿಷ್ ಬಾರದ, ವೆಲ್ಷ್ ಮಾತ್ರ ಬಲ್ಲ ಶ್ರಮಿಕರು ದಿನವಿಡೀ ಇಂಗ್ಲಿಷ್ ರಾಣಿವಾಸದ ಬಿರುದುಗಳನ್ನು ಸೀಳುತ್ತ ಕೂರುತ್ತಿದ್ದರು!

ಆಡಳಿತದ ಭಾಷೆ ಇಂಗ್ಲಿಷ್, ದುಡಿಮೆಯ ಭಾಷೆ ವೆಲ್ಷ್. ಮಧ್ಯಾಹ್ನದ ಊಟದ ಹೊತ್ತಿನಲ್ಲಿ 'ಕಾಬನ್' ಎಂಬ ಕೊಠಡಿಗಳಲ್ಲಿ ಸೇರುತ್ತಿದ್ದ ಕಾರ್ಮಿಕರು ಅಲ್ಲಿ ಧರ್ಮ, ರಾಜಕೀಯ, ಕಾವ್ಯಗಳ ಬಗ್ಗೆ ಕ್ರಮಬದ್ಧವಾಗಿ ಚರ್ಚೆ ನಡೆಸುತ್ತಿದ್ದರು. ಹಾಡು, ಪದ್ಯರಚನೆಯ ಸ್ಪರ್ಧೆಗಳೂ ಅಲ್ಲಿಯೇ. 1884ರಲ್ಲಿ ಬ್ಯಾಂಗರ್ ಪಟ್ಟಣದಲ್ಲಿ ಕಾಲೇಜು ತೆರೆದಾಗ ಈ ಗಣಿಗಳ ಕೂಲಿಕಾರರು ತಮ್ಮ ಸಂಪಾದನೆಯಿಂದ ಚಂದಾ ಕೊಟ್ಟರು. ಇಂದಿನ ಬ್ಯಾಂಗರ್ ವಿಶ್ವವಿದ್ಯಾಲಯದ ಬೇರು ಅಲ್ಲಿದೆ. ಯುನೆಸ್ಕೊ ಈ ಪ್ರದೇಶವನ್ನು ಗೌರವಿಸಿದಾಗ ಕಲ್ಲಿನಷ್ಟೇ ಈ ಭಾಷಾಜೀವನವೂ ಗಣನೆಗೆ ಬಂದದ್ದು ಉಚಿತವಾಗಿಯೇ ಇದೆ.

ಉಳಿದಿರುವ ಗೋಡೆಗಳು

ಮೆಟ್ಟಿಲುಗಳಿಗೆ ಕಾರ್ಮಿಕರು ಇಟ್ಟಿದ್ದ ಹೆಸರುಗಳಲ್ಲಿ 'ಆಸ್ಟ್ರೇಲಿಯಾ' ಒಂದು, 'ಕ್ಯಾಲಿಫೋರ್ನಿಯಾ' ಮತ್ತೊಂದು. ಆಸ್ಟ್ರೇಲಿಯಾ ಹಂತದ ಕೊಟ್ಟಿಗೆಯಲ್ಲಿ ಕಲ್ಲು ಕೊಯ್ಯುವ ಗರಗಸದ ಮೇಜುಗಳು ಸಾಲಾಗಿ ತುಕ್ಕು ಹಿಡಿದು ನಿಂತಿವೆ. ಇಳಿಜಾರು ಹಳಿಗಳ ತುದಿಯಲ್ಲಿ ಬಂಡಿಗಳನ್ನು ಇಳಿಸುತ್ತಿದ್ದ ಉರುಳೆಗಳು, ಜೋತುಬಿದ್ದ ಉಕ್ಕಿನ ಹಗ್ಗಗಳು ಈಗಲೂ ಕಾಣುತ್ತವೆ.

ಇವೆಲ್ಲಕ್ಕಿಂತ ಹೆಚ್ಚಾಗಿ ಮನಸ್ಸನ್ನು ತಡೆದು ನಿಲ್ಲಿಸುವುದು 'ಆಂಗಲ್ಸಿ ಬ್ಯಾರಕ್ಸ್'. ಒಂದಕ್ಕೊಂದು ಎದುರಾಗಿ ನಿಂತ ಎರಡು ಸಾಲು, ಒಟ್ಟು 22 ಪುಟ್ಟ ಮನೆಗಳು. ಆಂಗಲ್ಸಿ ದ್ವೀಪದಿಂದ ಬರುತ್ತಿದ್ದ ಕಾರ್ಮಿಕರು ಸೋಮವಾರ ನಸುಕಿನಲ್ಲೇ ಮನೆ ಬಿಟ್ಟು ಇಲ್ಲಿಗೆ ತಲುಪಿ, ಒಂದೊಂದು ಮನೆಯಲ್ಲಿ ನಾಲ್ವರಂತೆ ವಾರವಿಡೀ ತಂಗಿ, ಶನಿವಾರ ಊರಿಗೆ ಮರಳುತ್ತಿದ್ದರು. ಒಳಗೆ ಒಂದು ಒಲೆಯ ಕೋಣೆ, ಒಂದು ಮಲಗುವ ಕೋಣೆ. ವಿದ್ಯುತ್ ದೀಪವಾಗಲಿ ಶೌಚಾಲಯವಾಗಲಿ ಇರಲಿಲ್ಲ. 1948ರಲ್ಲಿ ಆರೋಗ್ಯ ಅಧಿಕಾರಿಯೊಬ್ಬರು ಪೂರ್ವಸೂಚನೆಯಿಲ್ಲದೆ ಭೇಟಿಯಿತ್ತು, ಇವು ವಾಸಕ್ಕೆ ಅನರ್ಹವೆಂದು ಘೋಷಿಸುವವರೆಗೂ ಜನ ಇಲ್ಲಿದ್ದರು. ಸ್ವಾತಂತ್ರ್ಯ ಬಂದು ನಾವು ಎರಡನೆಯ ವರ್ಷಕ್ಕೆ ಕಾಲಿಡುತ್ತಿದ್ದಾಗ, ನಮ್ಮನ್ನಾಳಿದ ದೇಶದ ಒಳಗೇ ಸ್ಥಿತಿ ಹೀಗಿತ್ತು. ಇಂದು ಗೋಡೆಗಳು, ಬಾಗಿಲ ಕಂಡಿಗಳು ಮಾತ್ರ ಉಳಿದಿವೆ. ಛಾವಣಿ ಇಲ್ಲ.

ಸರೋವರದ ಅಂಚಿನಲ್ಲಿ 1870ರಲ್ಲಿ ಕಟ್ಟಿದ ಗಣಿಯ ಕಾರ್ಯಾಗಾರ ಕೋಟೆಯಂತೆ ನಾಲ್ಕು ಕಡೆ ಸುತ್ತುವರಿದ ಅಂಗಳವುಳ್ಳದ್ದು. ಕುಲುಮೆ, ಎರಕದ ಮನೆ, ಬಡಗಿಯ ಕೋಣೆ ಎಲ್ಲವೂ ಅದರೊಳಗಿದ್ದು, 50 ಅಡಿಗೂ ಮಿಕ್ಕ ವ್ಯಾಸದ ನೀರಿನ ಚಕ್ರವೊಂದು 1925ರವರೆಗೆ ಯಂತ್ರಗಳನ್ನು ತಿರುಗಿಸುತ್ತಿತ್ತು. 1969ರಲ್ಲಿ ಗಣಿಯ ಸಾಮಗ್ರಿ ಹರಾಜಿಗೆ ಬಂದಾಗ ಈ ಯಂತ್ರಗಳೂ ಗುಜರಿ ಸೇರಬೇಕಿತ್ತು. ಗಣಿಯಲ್ಲೇ ದುಡಿದವರ ಒತ್ತಾಸೆಯಿಂದ ಅವು ಉಳಿದು, 1972ರಲ್ಲಿ ಅದೇ ಕಟ್ಟಡ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಸಂಗ್ರಹಾಲಯದ ಅಂಗಳಕ್ಕೆ ಬೇರೊಂದು ಗಣಿಯೂರಿನಿಂದ ಕಲ್ಲುಕಲ್ಲಾಗಿ ಬಿಚ್ಚಿ ತಂದು ಮರುಜೋಡಿಸಿದ ಕಾರ್ಮಿಕರ ಸಾಲುಮನೆಗಳಿವೆ. ಒಂದು 1861ರ ಏಳಿಗೆಯ ಕಾಲವನ್ನು, ಇನ್ನೊಂದು 1901ರ ಮುಷ್ಕರದ ಕಾಲವನ್ನು, ಮತ್ತೊಂದು ಡಿನೋರ್ವಿಕ್ ಮುಚ್ಚಿದ 1969ನ್ನು ತೋರುವಂತೆ ಸಜ್ಜಾಗಿವೆ. ದೊಡ್ಡ ಪ್ರಮಾಣದ ನವೀಕರಣಕ್ಕಾಗಿ ಈ ಸಂಗ್ರಹಾಲಯವನ್ನು 2024ರ ನವೆಂಬರಿನಲ್ಲಿ ಮುಚ್ಚಲಾಯಿತು.

1901ರ ಮನೆಯ ಹಿನ್ನೆಲೆಯನ್ನು ಇಲ್ಲಿ ಹೇಳಲೇಬೇಕು. ಉತ್ತರ ವೇಲ್ಸಿನ ಗಣಿ ಕಾರ್ಮಿಕರ ಸಂಘ ಹುಟ್ಟಿದ್ದು 1874ರಲ್ಲಿ. ಡಿನೋರ್ವಿಕ್‌ನಲ್ಲಿ 1885-86ರಲ್ಲಿ ಮಾಲೀಕರು ತಿಂಗಳುಗಟ್ಟಲೆ ಬೀಗಮುದ್ರೆ ಹಾಕಿದರು. ಅದಕ್ಕಿಂತ ಉಗ್ರವಾದದ್ದು ನೆರೆಯ ಪೆನ್ರಿನ್ ಗಣಿಯಲ್ಲಿ 1900ರ ನವೆಂಬರಿನಿಂದ 1903ರ ನವೆಂಬರಿನವರೆಗೆ, ಮೂರು ವರ್ಷ ನಡೆದ ಸಂಘರ್ಷ. ಸಂಘವನ್ನು ಮಾನ್ಯ ಮಾಡಲು ಮಾಲೀಕ ಲಾರ್ಡ್ ಪೆನ್ರಿನ್ ಸುತರಾಂ ಒಪ್ಪಲಿಲ್ಲ. ಆ ಮನೆತನದ ಮೊದಲ ಬಂಡವಾಳ ಜಮೈಕಾದ ಕಬ್ಬಿನ ತೋಟಗಳಲ್ಲಿ ಗುಲಾಮರ ದುಡಿಮೆಯಿಂದ ಬಂದದ್ದೆಂಬುದು ಗಮನಾರ್ಹ. 1901ರಲ್ಲಿ ಗಣಿ ಮರುತೆರೆದಾಗ ಕೆಲವರು ಕೆಲಸಕ್ಕೆ ಮರಳಿದರು. ಮರಳದವರು ತಮ್ಮ ಕಿಟಕಿಗಳಲ್ಲಿ 'ಈ ಮನೆಯಲ್ಲಿ ದ್ರೋಹಿ ಇಲ್ಲ' ಎಂಬರ್ಥದ ವೆಲ್ಷ್ ಫಲಕ ಅಂಟಿಸಿದರು. ಒಂದೇ ಬೀದಿಯ, ಒಂದೇ ಪ್ರಾರ್ಥನಾಮಂದಿರದ ಜನ ಎರಡು ಹೋಳಾದರು. ಮುಷ್ಕರ ಸೋತಿತು, ಹಲವರು ದಕ್ಷಿಣದ ಕಲ್ಲಿದ್ದಲ ಗಣಿಗಳಿಗೆ ವಲಸೆ ಹೋದರು. 1898ರಲ್ಲಿ ಐದು ಲಕ್ಷ ಟನ್ ಉತ್ಪಾದಿಸಿ 17,000 ಜನರಿಗೆ ಅನ್ನ ಕೊಟ್ಟಿದ್ದ ವೇಲ್ಸಿನ ಸ್ಲೇಟು ಉದ್ಯಮ ಮತ್ತೆ ಆ ಎತ್ತರಕ್ಕೆ ಏರಲೇ ಇಲ್ಲ. ಅಗ್ಗದ ಹೆಂಚು, ಹೊರದೇಶದ ಸ್ಲೇಟು, ಎರಡು ಮಹಾಯುದ್ಧಗಳು ಉಳಿದ ಕೆಲಸವನ್ನು ಪೂರೈಸಿದವು.

ಎದೆಯೊಳಗಿನ ದೂಳು

ಗಣಿಯ ಅತ್ಯಂತ ದೀರ್ಘಾಯುಷಿ ಅವಶೇಷ ಯಾವ ಗೋಡೆಯೂ ಅಲ್ಲ. ಅದು ಕಾರ್ಮಿಕರ ಶ್ವಾಸಕೋಶದಲ್ಲಿ ಉಳಿದ ದೂಳು. ಸ್ಲೇಟಿನಲ್ಲಿ ಸಿಲಿಕಾ ಹೇರಳವಾಗಿದೆ. ಅದನ್ನು ಕೊಯ್ಯುವಾಗ, ಕೊರೆಯುವಾಗ ಏಳುವ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದ ಒಳಗಿನ ಗಾಳಿಗೂಡುಗಳನ್ನು ತಲುಪುತ್ತವೆ. ದೇಹ ಅವನ್ನು ಕರಗಿಸಲಾರದು, ಹೊರಹಾಕಲೂ ಆರದು. ಕಣದ ಸುತ್ತ ಗಾಯದ ಕಲೆಯಂಥ ಗಡಸು ಅಂಗಾಂಶ ಬೆಳೆದು, ಮೃದುವಾಗಿ ಹಿಗ್ಗಬೇಕಾದ ಶ್ವಾಸಕೋಶ ಬಿಗಿಯಾಗುತ್ತ ಹೋಗುತ್ತದೆ. ಕೆಲಸ ಬಿಟ್ಟ ಮೇಲೂ ಈ ರೋಗ ಮುಂದುವರಿಯುತ್ತದೆ. ಕ್ಷಯರೋಗಕ್ಕೆ ದಾರಿ ಸುಗಮವಾಗುತ್ತದೆ. ಇದಕ್ಕೆ ಸಿಲಿಕೋಸಿಸ್ ಎಂದು ಹೆಸರು. ಯಂತ್ರದ ಗರಗಸ, ಗಾಳಿಯೊತ್ತಡದ ಕೊರೆಯುವ ಯಂತ್ರಗಳು ಬಂದಂತೆ ಉತ್ಪಾದನೆಯೊಡನೆ ದೂಳೂ ಹೆಚ್ಚಿತು.

ಡಿನೋರ್ವಿಕ್ ಗಣಿಗೆ ತನ್ನದೇ ಆಸ್ಪತ್ರೆ ಇತ್ತು. ಕೈಕಾಲು ಜಜ್ಜಿಹೋದವರಿಗೆ ಅಲ್ಲಿ ಒಳ್ಳೆಯ ಶಸ್ತ್ರಚಿಕಿತ್ಸೆಯೇ ದೊರೆಯುತ್ತಿತ್ತು. ಎಕ್ಸ್‌ರೇ ಯಂತ್ರವೂ ಬಹುಬೇಗ ಬಂತು. ಆದರೆ ದೂಳಿನ ವಿಷಯದಲ್ಲಿ ಈ ಸೀಮೆಯ ಗಣಿ ವೈದ್ಯರ ನಿಲುವು ಇಂದು ಓದಿದರೆ ಬೆರಗು ಹುಟ್ಟಿಸುತ್ತದೆ. ಸ್ಲೇಟಿನ ದೂಳು ಹಾನಿಕರವಲ್ಲವೆಂದು ವಾದಿಸಿದ ಅವರು, ಕಾರ್ಮಿಕರ ಅನಾರೋಗ್ಯಕ್ಕೆ ಕಾರಣ ಹೊತ್ತುಗಟ್ಟಲೆ ಒಲೆಯ ಮೇಲೆ ಕುದಿದ ಚಹಾ ಎಂದರು! ಕೆಮ್ಮುವವನ ಎದೆಯನ್ನು ಬಿಟ್ಟು ಅವನ ಚಹಾ ಪಾತ್ರೆಯನ್ನು ದೂರಿದ ಈ ವೈದ್ಯಕೀಯ, ಸಂಬಳ ಕೊಡುವವರು ಯಾರು ಎಂಬುದನ್ನು ಮರೆಯದ ವೈದ್ಯಕೀಯ.

ಬ್ರಿಟನ್ನಿನ ಕಲ್ಲಿದ್ದಲ ಗಣಿಗಳು ಸರ್ಕಾರದ ಒಡೆತನದಲ್ಲಿದ್ದುದರಿಂದ ಅಲ್ಲಿನ ದೂಳುರೋಗಿಗಳಿಗೆ 1974ರಲ್ಲಿ ಪರಿಹಾರ ಯೋಜನೆ ಬಂತು. ಸ್ಲೇಟು ಕಾರ್ಮಿಕರ ಗತಿ ಬೇರೆ. ಅವರು ಮೊಕದ್ದಮೆ ಹೂಡೋಣವೆಂದರೆ ಡಿನೋರ್ವಿಕ್‌ನಂಥ ಕಂಪನಿಗಳೇ ಇಲ್ಲವಾಗಿದ್ದವು. ಮುಚ್ಚಿದ ಕಂಪನಿಯ ಬಾಗಿಲು ತಟ್ಟಿ ಪರಿಹಾರ ಕೇಳುವುದು ಹೇಗೆ? ಬಿಡುಗಡೆ ಬಂದದ್ದು ಅನಿರೀಕ್ಷಿತ ದಿಕ್ಕಿನಿಂದ. 1979ರ ಮಾರ್ಚ್‌ನಲ್ಲಿ ಪ್ರಧಾನಿ ಜೇಮ್ಸ್ ಕ್ಯಾಲಹನ್ ಅವರ ಸರ್ಕಾರ ಅವಿಶ್ವಾಸ ನಿರ್ಣಯ ಎದುರಿಸುತ್ತಿತ್ತು. ಒಂದೊಂದು ಮತಕ್ಕೂ ಬೆಲೆ ಬಂದಿತ್ತು. ವೇಲ್ಸಿನ ಪ್ರಾದೇಶಿಕ ಪಕ್ಷವಾದ ಪ್ಲೈಡ್ ಕಮ್ರಿಯ ಮೂವರು ಸಂಸದರು ತಮ್ಮ ಬೆಂಬಲಕ್ಕೆ ಸ್ಲೇಟು ಕಾರ್ಮಿಕರ ಪರಿಹಾರ ಕಾಯ್ದೆಯನ್ನು ಮುಂದಿಟ್ಟರು. ಮಾರ್ಚ್ 28ರ ರಾತ್ರಿ ಸರ್ಕಾರ 310-311ರಿಂದ, ಒಂದೇ ಒಂದು ಮತದಿಂದ ಸೋತಿತು. (ಇಪ್ಪತ್ತು ವರ್ಷಗಳ ನಂತರ, 1999ರ ಏಪ್ರಿಲ್‌ನಲ್ಲಿ, ನಮ್ಮ ಲೋಕಸಭೆಯಲ್ಲೂ ವಾಜಪೇಯಿ ಸರ್ಕಾರ ಒಂದೇ ಮತದಿಂದ ಬಿದ್ದಿತಷ್ಟೆ.) ಆದರೆ ಕೊಟ್ಟ ಮಾತು ಬೀಳಲಿಲ್ಲ. ಸಂಸತ್ತು ವಿಸರ್ಜನೆಗೊಳ್ಳುವ ಮುಂಚಿನ ಕೆಲವೇ ದಿನಗಳಲ್ಲಿ ಕಾಯ್ದೆ ಅಂಗೀಕಾರವಾಯಿತು. ಮಾಲೀಕ ಇಲ್ಲವಾದರೂ ರೋಗಿಗೆ ಸರ್ಕಾರವೇ ಪರಿಹಾರ ಕೊಡಬೇಕೆಂಬ ತತ್ವ ಅದರಲ್ಲಿತ್ತು. ಡಿನೋರ್ವಿಕ್ ಮುಚ್ಚಿ ಆಗ ಹತ್ತು ವರ್ಷ ಕಳೆಯುತ್ತಿತ್ತು. ಆ ಹತ್ತು ವರ್ಷಗಳಲ್ಲಿ ತೀರಿಕೊಂಡವರು ಅದನ್ನು ನೋಡಲಿಲ್ಲ.

ಈ ಅಧ್ಯಾಯ ಕನ್ನಡಿಗರಿಗೆ ದೂರದ್ದಲ್ಲ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದೇ 1934ರಲ್ಲಿ, ಕೋಲಾರದ ಚಿನ್ನದ ಗಣಿಗಳಲ್ಲಿ. 1940ರ ದಶಕದಲ್ಲಿ ಅಲ್ಲಿ ಪರೀಕ್ಷೆಗೊಳಗಾದ ಕಾರ್ಮಿಕರಲ್ಲಿ ಶೇಕಡ 40ಕ್ಕೂ ಹೆಚ್ಚು ಮಂದಿಗೆ ಈ ರೋಗವಿತ್ತು. 2001ರ ಫೆಬ್ರವರಿ 28ರಂದು ಆ ಗಣಿಗಳೂ ಮುಚ್ಚಿದವು. ಇನ್ನು ಮಧ್ಯಪ್ರದೇಶದ ಮಂದಸೌರ್‌ನಲ್ಲಿ ನಮ್ಮ ಮಕ್ಕಳ ಕೈಗೆ ಬರುವ ಬಳಪವನ್ನು ಕೊಯ್ಯುತ್ತಿದ್ದವರಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ಸಿಲಿಕೋಸಿಸ್ ತಗುಲಿದ್ದನ್ನು ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನ ಕಂಡುಕೊಂಡಿತು. ಅಲ್ಲಿನ ಬಳಪ ಕಾರ್ಮಿಕರ ಕಲ್ಯಾಣ ನಿಧಿಗಾಗಿ ಆ ರಾಜ್ಯ 1982ರಲ್ಲಿ ಕಾಯ್ದೆ ತಂದಿತು.

ಬೆಟ್ಟದ ಹೊಟ್ಟೆಯಲ್ಲಿ ವಿದ್ಯುತ್ತು

1966ರಲ್ಲಿ ಡಿನೋರ್ವಿಕ್‌ನ ಮೇಲ್ಭಾಗ ಕುಸಿದು, ಒಳ್ಳೆಯ ಕಲ್ಲಿನ ನೆಲೆಗಳು ಮುಚ್ಚಿಹೋದದ್ದೇ ಅವಸಾನದ ಆರಂಭ. ಮೂರು ವರ್ಷಗಳಲ್ಲಿ ಕಂಪನಿ ದಿವಾಳಿಯಾಯಿತು. ಬೇರೆ ಉದ್ಯೋಗವಿಲ್ಲದ ಊರುಗಳಲ್ಲಿ ನೂರಾರು ಸಂಸಾರಗಳು ಒಮ್ಮೆಗೇ ಬೀದಿಗೆ ಬಂದವು. 1974ರಲ್ಲಿ ಬೆಟ್ಟಕ್ಕೆ ಮತ್ತೆ ಕೆಲಸ ಬಂತು, ಈ ಬಾರಿ ಅದರ ಒಳಗೆ.

ಎಲಿಡಿರ್ ಬೆಟ್ಟದ ನೆತ್ತಿಯ ಬಳಿ ಮಾರ್ಕ್ಲಿನ್ ಎಂಬ ಸರೋವರವಿದೆ, ಬುಡದಲ್ಲಿ ಪೆರಿಸ್. ವಿದ್ಯುತ್ ಬೇಡಿಕೆ ಕಡಿಮೆಯಿರುವ ರಾತ್ರಿಯ ಹೊತ್ತು ಕೆಳಗಿನ ನೀರನ್ನು ಮೇಲಕ್ಕೆ ಪಂಪು ಮಾಡಿಟ್ಟು, ಬೇಡಿಕೆ ಏರಿದಾಗ ಅದನ್ನೇ ಕೆಳಗಿಳಿಸಿ ವಿದ್ಯುತ್ ತೆಗೆಯುವ ಯೋಜನೆಯಿದು. ಶರಾವತಿ ಕಣಿವೆಯಲ್ಲಿ ಇತ್ತೀಚಿನ ವರ್ಷಗಳಲ್ಲಿ ವಾದ-ವಿವಾದಕ್ಕೆ ಕಾರಣವಾದ 2000 ಮೆಗಾವಾಟ್ ಯೋಜನೆಯ ತತ್ವವೂ ಇದೇ. ಇಲ್ಲಿ ಯಂತ್ರಶಾಲೆ ಹೊರಗೆ ಕಾಣಬಾರದೆಂದು ಬೆಟ್ಟದೊಳಗೆ ಭಾರಿ ಗುಹೆ ಕೊರೆದು, 16 ಕಿಲೋಮೀಟರ್ ಸುರಂಗ ತೋಡಿ, ಆರು ಯಂತ್ರಗಳನ್ನು ಕೂರಿಸಲಾಯಿತು. ಪೆರಿಸ್ ಸರೋವರಕ್ಕೆ ಗಣಿಯವರು ಸುರಿದಿದ್ದ ಸ್ಲೇಟು ತ್ಯಾಜ್ಯವನ್ನು ಎತ್ತಿ ಹೊರಹಾಕಬೇಕಾಯಿತು. 1984ರಲ್ಲಿ ಕೇಂದ್ರ ಕಾರ್ಯಾರಂಭ ಮಾಡಿತು. ಸುಮಾರು 1700 ಮೆಗಾವಾಟ್ ಸಾಮರ್ಥ್ಯದ ಈ ಕೇಂದ್ರದ ಹೆಗ್ಗಳಿಕೆ ಅದರ ವೇಗ. ಯಂತ್ರಗಳನ್ನು ನೀರಿಲ್ಲದೆ ತಿರುಗಿಸುತ್ತ ಸಿದ್ಧವಾಗಿಟ್ಟಿದ್ದರೆ ಕೆಲವೇ ಸೆಕೆಂಡುಗಳಲ್ಲಿ 1300 ಮೆಗಾವಾಟ್‌ಗೂ ಹೆಚ್ಚು ವಿದ್ಯುತ್ ಹರಿಸಬಲ್ಲದು. ಜನಪ್ರಿಯ ದೂರದರ್ಶನ ಕಾರ್ಯಕ್ರಮ ಮುಗಿದೊಡನೆ ದೇಶದ ಲಕ್ಷಾಂತರ ಮನೆಗಳಲ್ಲಿ ಏಕಕಾಲಕ್ಕೆ ಚಹಾದ ಕೆಟಲ್ ಒತ್ತಿದಾಗ ಏಳುವ ಬೇಡಿಕೆಯನ್ನು ತಣಿಸುವುದು ಇದರ ಪ್ರಸಿದ್ಧ ಕೆಲಸ. ಚಹಾ ಇಲ್ಲಿಯೂ ಬಂದು ಸೇರಿಕೊಂಡಿತು ನೋಡಿ.

ಗಣಿಯ ಮೇಲ್ಮೈ ಮಾತ್ರ ಹಾಗೇ ಉಳಿದಿದೆ. 1980ರ ದಶಕದಿಂದ ಇದರ ನುಣುಪು ಗೋಡೆಗಳು ಶಿಲಾರೋಹಿಗಳ ನೆಚ್ಚಿನ ತಾಣವಾಗಿವೆ. ವಿವಿಯನ್ ಎಂಬ ಭಾಗದಲ್ಲಿ ನಿಂತ ಆಳವಾದ ನೀರಿಗೆ ಮುಳುಗುಗಾರರು ಇಳಿಯುತ್ತಾರೆ. ಸಡಿಲ ಕಲ್ಲು ಯಾವಾಗ ಜಾರುವುದೋ ಹೇಳಲಾಗದ ಕಾರಣ ಗಣಿಯ ಬಹುಭಾಗಕ್ಕೆ ಸಾರ್ವಜನಿಕ ಪ್ರವೇಶವಿಲ್ಲ. ಕಾಲುದಾರಿಯಿಂದ ಆಚೆಗೆ ಬೇಲಿ, ಎಚ್ಚರಿಕೆಯ ಫಲಕಗಳಿವೆ. ಇಷ್ಟಾಗಿಯೂ ಈ ನಾಡಿನಲ್ಲಿ ಸ್ಲೇಟು ತೆಗೆಯುವುದು ನಿಂತಿಲ್ಲ. ಬೆಟ್ಟದಾಚೆಯ ಪೆನ್ರಿನ್ ಗಣಿ ಈಗಲೂ ನಡೆಯುತ್ತಿದೆ. 2002ರಲ್ಲಿ ಬ್ರಿಟನ್ ಜಲ್ಲಿಕಲ್ಲಿನ ಮೇಲೆ ತೆರಿಗೆ ಹಾಕಿದಾಗ ಸ್ಲೇಟಿಗೆ ವಿನಾಯಿತಿ ದೊರೆಯಿತು. ಹಿಂದಿನ ತಲೆಮಾರುಗಳು ಕಸವೆಂದು ಸುರಿದ ಚೂರುಗಳನ್ನು ಪುಡಿ ಮಾಡಿ ರಸ್ತೆಗಳ ಬುನಾದಿಗೆ, ತೋಟಗಳ ಅಲಂಕಾರಕ್ಕೆ ಮಾರಲಾಗುತ್ತಿದೆ.